ಹೊಗೆ ಉಳಿಸಿಕೊಂಡ ಊರು

ಊರೂರು ಸುತ್ತುವಾಗ ಕೋಟೆ, ಚರ್ಚು ನೋಡುವ ಹಾಗೆ ಅಲ್ಲಿನ ಬಿಯರ್ ತಯಾರಿಸುವ ಜಾಗವನ್ನೂ ನೋಡಿ ಬರೋದು ನನ್ನ ಅಭ್ಯಾಸ. ಇತಿಹಾಸ ಅಲ್ಲೂ ಇರುತ್ತೆ ಸ್ವಾಮಿ! ಜರ್ಮನಿಯ ಬಾಂಬೆರ್ಗ್ ಅದಕ್ಕೆ ಒಳ್ಳೆಯ ಉದಾಹರಣೆ.

ಅಲ್ಲಿನ ಶ್ಲೆಂಕರ್ಲಾದಲ್ಲಿ ಸಿಗೋದು ರೌಖ್‌ಬಿಯರ್, ಅಂದರೆ ಹೊಗೆ ಬಿಯರ್. ಮೂಗಿನ ಹತ್ತಿರ ತಂದರೆ ಸೌದೆ ಒಲೆಯ ಅಡುಗೆಮನೆ ನೆನಪಾಗುತ್ತೆ. ಮೊದಲ ಗುಟುಕು ನನಗೆ ಹಿಡಿಸಲಿಲ್ಲ. ಗ್ಲಾಸು ಮುಗಿಯುವ ಹೊತ್ತಿಗೆ ಹೊಗೆ ಹಿಂದೆ ಸರಿದು ಮಾಲ್ಟಿನ ರುಚಿ ಮುಂದೆ ಬಂತು.

ಇದೇನೂ ಹೊಸದಾಗಿ ಹುಟ್ಟಿಸಿದ ರುಚಿಯಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಬಿಸಿಲು ಸಾಲದ ಕಡೆ ಒಣಗಿಸಲು ಬೆಂಕಿಯೇ ಗತಿ. ಸೌದೆಯ ಹೊಗೆ ಕಾಳಿಗೆ ಹತ್ತುತ್ತಿತ್ತು, ಕಾಳಿನಿಂದ ಬಿಯರಿಗೆ. 1635ರಲ್ಲಿ ಇಂಗ್ಲೆಂಡಿನಲ್ಲಿ ಹೊಗೆ ತಾಗದಂತೆ ಒಣಗಿಸುವ ಗೂಡಿಗೆ ಪೇಟೆಂಟ್ ಸಿಕ್ಕಿತು. ಮುಂದೆ ಕೈಗಾರಿಕೆಗಳ ಕಾಲದಲ್ಲಿ ಬರೀ ಬಿಸಿಗಾಳಿಯೇ ಸಾಕಾಯ್ತು. ಹೊಗೆಯ ಮಾಲ್ಟ್ ಹೆಚ್ಚುಕಡಿಮೆ ಎಲ್ಲೆಡೆ ಮಾಯವಾಯ್ತು.

ಆದರೆ ಶ್ಲೆಂಕರ್ಲಾ ಮತ್ತು 1536ರಷ್ಟು ಹಳೆಯದಾದ ಸ್ಪೆಟ್ಸಿಯಾಲ್, ಎರಡೂ ಬೀಚ್ ಮರದ ಸೌದೆ ಉರಿಸಿ ಮಾಲ್ಟ್ ಒಣಗಿಸೋದನ್ನು ಬಿಡಲಿಲ್ಲ. ಒಂದು ಕಾಲಕ್ಕೆ ಎಷ್ಟೋ ಊರುಗಳದಾಗಿದ್ದ ರುಚಿ ಹೀಗೆ ಬಾಂಬೆರ್ಗ್‌ನ ವಿಶೇಷವಾಯ್ತು.

1993ರಲ್ಲಿ ಯುನೆಸ್ಕೊ ಇಲ್ಲಿನ ಹಳೆಯ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಟ್ಟಡಗಳನ್ನು ಪಟ್ಟಿ ಕಾಯಬಹುದು. ಈ ರುಚಿಯನ್ನು ಕಾಯಬೇಕಾದವರು ಮಾತ್ರ ಸೌದೆ ಹಾಕುವವರು, ಮತ್ತೆ ಸಂಜೆಯಾದರೆ ಬಂದು ಗ್ಲಾಸು ಹಿಡಿದು ಕೂರುವ ಊರಿನವರು.