ಹೊತ್ತಿಳಿದ ಮೇಲೆ ಬಂದವರ ಕೂಲಿ

ಸಿರುಗುಪ್ಪದ ಕಡೆ ಭತ್ತದ ಸಸಿ ಹಚ್ಚುವ ದಿನಗಳು. ತುಂಗಭದ್ರೆಯ ಕಾಲುವೆಗೆ ನೀರು ಬಂತೆಂದರೆ ಕೇರಿಯ ಹೆಂಗಸರಿಗೆ ಸೊಂಟ ನೆಟ್ಟಗೆ ಮಾಡುವ ಪುರುಸೊತ್ತಿಲ್ಲ. ಒಂದು ಮಧ್ಯಾಹ್ನ ಅವರು ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಾಗ ನಾವು ಅವರಿಗೊಂದು ಕತೆ ಹೇಳಿದೆವು. ಯಾರು ಹೇಳಿದ ಕತೆ, ಯಾವ ಪುಸ್ತಕದ್ದು ಅಂತ ಬೇಕೆಂದೇ ಹೇಳಲಿಲ್ಲ.

ಒಬ್ಬ ದ್ರಾಕ್ಷಿತೋಟದ ಯಜಮಾನ. ಬೆಳಕು ಹರಿಯುವಾಗಲೇ ಪೇಟೆಗೆ ಹೋಗಿ ಆಳು ಕರೆತಂದ. ದಿನಕ್ಕೊಂದು ಬೆಳ್ಳಿ ನಾಣ್ಯ ಅಂತ ಮಾತಾಯಿತು. ಒಂಬತ್ತು ಗಂಟೆ ಹೊತ್ತಿಗೆ ಮತ್ತೆ ಹೋಗಿ ಕೆಲವರನ್ನು ತಂದ. ಮಧ್ಯಾಹ್ನ ತಂದ, ಮೂರು ಗಂಟೆಗೂ ತಂದ. ಹೊತ್ತು ಮುಳುಗಲು ಇನ್ನೊಂದು ತಾಸಿದೆ ಅನ್ನುವಾಗ ಹೋದರೆ ಇನ್ನೂ ಕೆಲವರು ಅಲ್ಲೇ ನಿಂತಿದ್ದಾರೆ. ಯಾಕೆ ನಿಂತಿದ್ದೀರಿ ಅಂದರೆ, ಯಾರೂ ಕರೆಯಲಿಲ್ಲ ಅಂದರು. ಅವರನ್ನೂ ಕರೆದ. ಸಂಜೆ ಬಟವಾಡೆಗೆ ಕೂತಾಗ ಕಡೆಗೆ ಬಂದವರಿಗೆ ಮೊದಲು ಕೊಟ್ಟ, ಪೂರಾ ಒಂದು ನಾಣ್ಯ. ಬೆಳಗಿನಿಂದ ಬಿಸಿಲಲ್ಲಿ ಬೆಂದವರು ನಮಗೆ ಜಾಸ್ತಿ ಸಿಗುತ್ತದೆ ಅಂದುಕೊಂಡರು. ಅವರಿಗೂ ಒಂದೇ ನಾಣ್ಯ. ಗದ್ದಲ ಎದ್ದಿತು.

ಬದುವಿನ ಮೇಲೂ ಗದ್ದಲ ಎದ್ದಿತು. ಗುಂಪು ಕಟ್ಟಿಕೊಂಡು ಬಂದ ಮೇಸ್ತ್ರಿ, ಇದು ಅನ್ಯಾಯ, ಹಿಂಗ ಮಾಡಿದ್ರ ನಾಳೆ ಯಾರೂ ಬೆಳಿಗ್ಗೆ ಬರೂದಿಲ್ಲ ಅಂದ. ಒಪ್ಪುವ ಮಾತೇ. ಆಗ ಒಬ್ಬ ಮುದುಕಿ ರೊಟ್ಟಿ ಮುರಿಯುತ್ತಾ ಕೇಳಿದಳು: "ಯಾಕ ತಮ್ಮಾ, ಸಂಜೀಕ ಬಂದೋನ ಹೊಟ್ಟಿ ಸಣ್ಣದಿರ್ತೈತೇನು?"

ಈ ಕತೆ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿದೆ. ಹೇಳಿದವನು ಯೇಸು, ಬಡಗಿಯ ಮಗ. ಅವನನ್ನು ನಂಬುವವರು ಇದನ್ನು ದೇವರ ಕೃಪೆಯ ಕತೆ ಅಂತ ಧ್ಯಾನಿಸುತ್ತಾರೆ, ಅದು ಅವರ ಹಕ್ಕು. ನಮಗೆ ಬೇಕಾದದ್ದು ಇನ್ನೊಂದು ಸಂಗತಿ. ಕೂಲಿಯ ಈ ಕತೆ ಕನ್ನಡಕ್ಕೆ ಬಂದ ದಾರಿಯಲ್ಲಿ ನಮ್ಮ ಬಳ್ಳಾರಿ ಇದೆ. ಬಂದು ಇನ್ನೂರು ವರ್ಷವಾಯಿತು. ಈ ಇನ್ನೂರು ವರ್ಷದಲ್ಲಿ ಇದೇ ಸೀಮೆಯ ಕೂಲಿಕಾರರಿಗೆ ಆ ನಾಣ್ಯ ಮುಟ್ಟಿತೇ ಎಂಬುದನ್ನು ನೋಡಬೇಕು.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು ರೈತವಾರಿ ಕಂದಾಯ ಹೂಡಿದ. ಪಟ್ಟಾ ರೈತನ ಹೆಸರಿಗೆ ಅಂದರು. ಕೇರಿಯ ಜೀತದಾಳನ್ನು ಯಾವ ಕಾಗದದಲ್ಲಿ ರೈತ ಅಂತ ಬರೆದರು? ಆ ಬಳಿಕ 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ. ಕಂಪನಿಗೆ ಮಿಷನರಿಗಳು ಬೇಡವಾಗಿದ್ದ ಕಾಲ ಅದು. ಧರ್ಮ ಅಂತ ಹೇಳಿ ಜನ ಎದ್ದರೆ ವ್ಯಾಪಾರ ಕೆಡುತ್ತದಲ್ಲ! 1813ರ ಚಾರ್ಟರ್ ಕಾಯ್ದೆ ಬಂದ ಮೇಲೆಯೇ ಅವರಿಗೆ ಬಾಗಿಲು ಸರಿಯಾಗಿ ತೆರೆದದ್ದು. ಹ್ಯಾಂಡ್ಸ್ ಕನ್ನಡ ಕಲಿತ, ಶಾಲೆ ತೆರೆದ, ಸುವಾರ್ತೆಗಳನ್ನು ಕನ್ನಡಕ್ಕೆ ತರಲು ಕೂತ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ತಂದ. ಕಿಟ್ಟೆಲ್ ಹೆಸರು ಎಲ್ಲರಿಗೂ ಗೊತ್ತು. ರೀವ್ ಹೆಸರನ್ನು ಬಳ್ಳಾರಿಯ ಮೇಷ್ಟ್ರುಗಳೂ ಕೇಳಿರಲಿಕ್ಕಿಲ್ಲ.

1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಲ್ಲಿ ಕಲ್ಲಚ್ಚಿನ ಮೇಲೆ ತೆಗೆದ 'ಮಂಗಳೂರ ಸಮಾಚಾರ', ಮರುವರ್ಷ 'ಕನ್ನಡ ಸಮಾಚಾರ' ಎಂಬ ಹೆಸರಲ್ಲಿ ಬಳ್ಳಾರಿಯಿಂದ ಹೊರಟಿತು. ಇಲ್ಲಿ ಮೊಳೆ ಜೋಡಿಸುವ ಅಚ್ಚುಕೂಟವಿತ್ತು, ಅದಕ್ಕೆ. 1846ರಲ್ಲಿ ವಾರ್ಡ್‌ಲಾ ಶಾಲೆ ಶುರುವಾಯಿತು. ಅಕ್ಷರ ಕೆಲವರ ಮನೆಯ ಸೊತ್ತಾಗಿದ್ದ ನಾಡಿನಲ್ಲಿ, ಯಾರು ಬೇಕಾದರೂ ಕಾಸು ಕೊಟ್ಟು ಕೊಂಡು ಓದಬಹುದಾದ ಪುಸ್ತಕ ಬಂದದ್ದು ಸಣ್ಣ ಮಾತಲ್ಲ. ಮುಟ್ಟಿದರೆ ಮೈಲಿಗೆಯಾಗದ ಧರ್ಮಗ್ರಂಥ! ಇದನ್ನು ನಾವು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು. ಆದರೆ ಪುಸ್ತಕ ಬಂದ ಹಡಗಿನಲ್ಲೇ ಸರ್ಕಾರವೂ ಬಂತು. ಪುಸ್ತಕದ ಕೂಲಿಯ ಲೆಕ್ಕ ಬೇರೆ, ಸರ್ಕಾರದ ಕೂಲಿಯ ಲೆಕ್ಕ ಬೇರೆ ಅನ್ನುವುದು ಧಾತು ಬರದಲ್ಲಿ ಬಯಲಾಯಿತು.

1876ರಲ್ಲಿ ಮಳೆ ಹೋಯಿತು. ಧಾತು, ಈಶ್ವರ ಎರಡೂ ಸಂವತ್ಸರ ಜನರನ್ನು ನುಂಗಿದವು. ದಕ್ಷಿಣ ಭಾರತವನ್ನು ಮುಖ್ಯವಾಗಿ ಬಡಿದ ಆ ಬರದಲ್ಲಿ ಬ್ರಿಟಿಷರ ಆಳ್ವಿಕೆಯ ಪ್ರದೇಶದಲ್ಲೇ ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ಅತಿ ಹೆಚ್ಚು ಬೆಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ತಾನದ ಚಕ್ರವರ್ತಿನಿ ಅಂತ ಸಾರಿಸಿದ. ಅದೇ ತಿಂಗಳು ರಿಚರ್ಡ್ ಟೆಂಪಲ್‌ನನ್ನು ಬರ ನೋಡಲು ಮದರಾಸು ಪ್ರಾಂತ್ಯಕ್ಕೆ ಕಳಿಸಿದ. ನೋಡಲು ಅಂದರೆ ಖರ್ಚು ಕಡಿಮೆ ಮಾಡಲು. ಟೆಂಪಲ್ 1874ರಲ್ಲಿ ಬಿಹಾರದ ಬರದಲ್ಲಿ ಧಾರಾಳವಾಗಿ ಖರ್ಚುಮಾಡಿ ಜನರನ್ನು ಉಳಿಸಿದ್ದ. ಅದಕ್ಕೇ ಅವನನ್ನು ದುಂದುಗಾರ ಅಂತ ಬೈದಿದ್ದರು. ಈ ಸಲ ಬೈಸಿಕೊಳ್ಳಬಾರದು ಅಂತ ತೀರ್ಮಾನಿಸಿಕೊಂಡೇ ಬಂದ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ 450 ಗ್ರಾಂ ಕಾಳು, ಮೇಲೆ ಒಂದಾಣೆ. ಹೆಂಗಸರಿಗೆ, ಮಕ್ಕಳಿಗೆ ಅದಕ್ಕೂ ಕಡಿಮೆ. ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ 'ಟೆಂಪಲ್ ಕೂಲಿ' ಅಂತಲೇ ಹೆಸರು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್, ಇಷ್ಟರಲ್ಲಿ ದುಡಿಯುವವನ ಜೀವ ಉಳಿಯದು, ಕನಿಷ್ಠ 680 ಗ್ರಾಂ ಕಾಳಾದರೂ ಬೇಕು, ಜೊತೆಗೆ ಬೇಳೆ ತರಕಾರಿ ಬೇಕು ಅಂತ ಹೊಡೆದಾಡಿದ. ಅವನೂ ಇಂಗ್ಲಿಷಿನವನೇ, ಇದನ್ನೂ ಬರೆಯಬೇಕು.

ಯೋಚಿಸಿ ನೋಡಿ. ಟೆಂಪಲ್ ಭಾನುವಾರ ಇಗರ್ಜಿಗೆ ಹೋಗಿ ಬಗ್ಗಿ ಕೂತವನೇ ಇರಬೇಕು. ದಿನದ ರೊಟ್ಟಿಯನ್ನು ಇಂದೇ ಕೊಡು ಅಂತ ಕೇಳಲು ಯೇಸು ಕಲಿಸಿದ ಪ್ರಾರ್ಥನೆ ಅವನ ಬಾಯಿಗೂ ಬರುತ್ತಿದ್ದಿರಬೇಕು. ಬೆಳ್ಳಿ ನಾಣ್ಯ ಅಂದರೆ ಆ ಕಾಲದ ಪ್ಯಾಲೆಸ್ತೀನಿನಲ್ಲಿ ಆಳಿನ ಒಂದು ದಿನದ ಕೂಲಿ, ಸಂಸಾರದ ಒಂದು ದಿನದ ಹಿಟ್ಟು. ಕತೆಯ ಯಜಮಾನ ಒಂದು ತಾಸು ದುಡಿದವನಿಗೂ ಅದನ್ನು ಕಡಿಮೆ ಮಾಡಲಿಲ್ಲ. ಟೆಂಪಲ್ ಹನ್ನೆರಡು ತಾಸು ದುಡಿದವನ ತಟ್ಟೆಯಿಂದ ತೆಗೆದ.

ಆ ಬರಗಳ ಕಾಲದಲ್ಲಿ ಮಿಷನ್ನುಗಳು ಗಂಜಿ ಕೊಟ್ಟವು, ಅನಾಥ ಮಕ್ಕಳನ್ನು ಸಾಕಿದವು. ಕೇರಿಗಳಿಂದ ಜನ ಆ ಕಡೆ ಹೋದರು. ಊರಿನವರು ಹೀಯಾಳಿಸಿದರು: ಅನ್ನಕ್ಕೆ ಜಾತಿ ಬಿಟ್ಟವರು ಅಂತ. ಈ ಹೀಯಾಳಿಕೆ ಇವತ್ತಿಗೂ ನಿಂತಿಲ್ಲ. ನಮಗಂತೂ ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಕಾಣುವುದಿಲ್ಲ. ಹಸಿದ ಮಗುವಿಗೆ ಗಂಜಿ ಹಾಕದ ಧರ್ಮವನ್ನು ಬಿಟ್ಟರು, ಅಷ್ಟೇ. ಬಿಟ್ಟದ್ದು ಏನನ್ನು ಅಂತ ಹೀಯಾಳಿಸುವವರು ಹೇಳಲಿ.

ಇದೇ ಕತೆಯನ್ನು ಕುರುಗೋಡಿನಲ್ಲೂ ಹೇಳಿದೆವು. ಕುರುಗೋಡು 12ನೇ ಶತಮಾನದಲ್ಲಿ ಸಿಂದರ ಊರು. ದೊಡ್ಡಬಸವೇಶ್ವರನ ಗುಡಿಯ ಭಾರಿ ಬಸವನನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅಲ್ಲಿ ಕತೆ ಕೇಳಿದ ಒಬ್ಬ ಶಾಲಾಮಾಸ್ತರರು ಫಕ್ಕನೆ ಅಂದರು: ಇದು ನಮ್ಮ ಆಯ್ದಕ್ಕಿ ಲಕ್ಕಮ್ಮನ ಮಾತಲ್ಲವಾ? ಲಕ್ಕಮ್ಮನ ಗಂಡ ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಜಾಸ್ತಿ ಅಕ್ಕಿ ತಂದ. ಈ ಆಸೆ ನಮಗೆ ಯಾಕೆ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂತ ಅವಳು ವಾಪಸು ಕಳಿಸಿದಳು. ಒಂದು ಕಡೆ ಕೂಲಿ ಕೊಡುವವನಿಗೆ ಹೇಳಿದ ಮಾತು, ಇನ್ನೊಂದು ಕಡೆ ಕಾಯಕದವನಿಗೇ ಹೇಳಿದ ಮಾತು. ಎರಡರಲ್ಲೂ ಅಳತೆ ಒಂದೇ: ಇವತ್ತಿನ ಅಗತ್ಯ ಎಷ್ಟು? ಮಾಸ್ತರರು ಹೇಳುವತನಕ ನಮಗೆ ಇದು ಹೊಳೆದಿರಲಿಲ್ಲ.

ಆದರೆ ಆ ಕತೆಯಲ್ಲಿ ನಮಗೆ ಒಪ್ಪಿಗೆಯಾಗದ ಒಂದು ಜಾಗವಿದೆ, ಅದನ್ನು ಮುಚ್ಚಿಡಬಾರದು. ಗದ್ದಲ ಎದ್ದಾಗ ಯಜಮಾನ, ನನ್ನದನ್ನು ನನ್ನ ಮನಸ್ಸಿಗೆ ಬಂದ ಹಾಗೆ ಕೊಡಲು ನನಗೆ ಹಕ್ಕಿಲ್ಲವೇ ಅನ್ನುತ್ತಾನೆ. ತೋಟ ಯಾರದು? ದಣಿಯ ಮನಸ್ಸು ಇವತ್ತು ಒಳ್ಳೆಯದಿದೆ, ನಾಳೆ? ಸಿರುಗುಪ್ಪದ ಕ್ಯಾಂಪುಗಳಲ್ಲಾಗಲಿ, ಬಳ್ಳಾರಿಯ ಸರ್ಕಲ್ಲುಗಳಲ್ಲಿ ಗುದ್ದಲಿ ಬಾಣಲಿ ಹಿಡಿದು ನಿಲ್ಲುವ ಗಾರೆ ಕೆಲಸದವರಲ್ಲಾಗಲಿ, ಕಡೆಯ ತನಕ ಯಾರೂ ಕರೆಯದೆ ಉಳಿಯುವವರು ಯಾರು ಅಂತ ನೋಡಿ. ವಯಸ್ಸಾದವರು, ಬಸುರಿಯರು, ಕಾಲು ಕುಂಟುವವರು. ಇವರ ಕೂಲಿ ಒಬ್ಬರ ಔದಾರ್ಯದ ಮೇಲೆ ನಿಲ್ಲಬಾರದು ಅಂತಲೇ 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು, 1976ರಲ್ಲಿ ಹೆಣ್ಣುಗಂಡಿಗೆ ಸಮಾನ ಸಂಭಾವನೆಯ ಕಾಯ್ದೆ ಬಂತು. ಸಸಿ ಹಚ್ಚುವ ಹೆಂಗಸಿನ ಕೈಗೆ ಅದರಲ್ಲಿ ಎಷ್ಟು ಬಂತು ಅನ್ನುವುದು ಓದುಗರಿಗೆ ಗೊತ್ತಿದ್ದದ್ದೇ.

ಇನ್ನು ನೀರಿನ ಮಾತು. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ನಡು ಮಧ್ಯಾಹ್ನ ದಣಿದು ಒಂದು ಬಾವಿಯ ಹತ್ತಿರ ಕೂರುತ್ತಾನೆ. ನೀರು ಸೇದಲು ಬಂದ ಸಮಾರ್ಯದ ಹೆಣ್ಣಿನ ಹತ್ತಿರ ಕುಡಿಯಲು ಕೇಳುತ್ತಾನೆ. ಅವಳೇ ದಂಗಾಗುತ್ತಾಳೆ. ಯೆಹೂದ್ಯರು ಸಮಾರ್ಯದವರ ಕೊಡ ಮುಟ್ಟುತ್ತಿರಲಿಲ್ಲ. ನಮ್ಮ ಕೇರಿಯಲ್ಲಿ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಬಾವಿಯ ಹತ್ತಿರ ಕೊಡ ಇಟ್ಟು, ಮೇಲಿನವರು ಯಾರಾದರೂ ಬಂದು ಸುರಿಯಲಿ ಅಂತ ತಾಸುಗಟ್ಟಲೆ ಕಾದ ಅಜ್ಜಿಯರು ನಮ್ಮ ಮನೆಗಳಲ್ಲಿದ್ದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದರು. ಅದು ಹಕ್ಕು ಕೇಳುವವರ ನಡೆ. ಬಾವಿಯ ಕತೆಯಲ್ಲಿ ಮೇಲಿನವನೇ ಕೆಳಗಿನವಳ ಮುಂದೆ ಬೊಗಸೆ ಒಡ್ಡುತ್ತಾನೆ. ನಮ್ಮ ಊರುಗಳಲ್ಲಿ ಇಂಥದ್ದನ್ನು ನಾವು ಕಂಡದ್ದು ಕಡಿಮೆ.

ಆ ಹೆಣ್ಣಿಗೆ ಐದು ಗಂಡಂದಿರು ಆಗಿಹೋಗಿದ್ದರು. ಉಪದೇಶ ಮಾಡುವವರು ಇದನ್ನೇ ಹಿಡಿದುಕೊಂಡು ಅವಳ ಪಾಪದ ಬಗ್ಗೆ ಮಾತಾಡಿದ್ದೇ ಹೆಚ್ಚು. ಯೇಸು ಅವಳನ್ನು ಬೈದ ಒಂದು ಮಾತೂ ಅಲ್ಲಿಲ್ಲ. ಅವಳು ಕೊಡ ಅಲ್ಲೇ ಬಿಟ್ಟು ಊರಿಗೆ ಓಡಿ ಜನರನ್ನು ಕರೆತರುತ್ತಾಳೆ. ಬಳ್ಳಾರಿ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ಬಸವಿ ಬಿಡುತ್ತಿದ್ದುದನ್ನು 1904ರ ಜಿಲ್ಲಾ ಗೆಜೆಟಿಯರಿನಲ್ಲೇ ಬರೆದಿದ್ದಾರೆ. 1947ರಲ್ಲಿ ಮದರಾಸು ಸರ್ಕಾರ, 1982ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆ ಮಾಡಿದವು. ದೇವರ ಹೆಸರಲ್ಲಿ ಬಿಟ್ಟ ಆ ತಾಯಂದಿರನ್ನು ಪಾಪಿಗಳು ಅಂದವರು ಸಿಗುತ್ತಾರೆ, ಅವರ ಕೈಯ ನೀರು ಕೇಳಿದವರು ಎಷ್ಟು ಜನ?

ಹಾಗಾದರೆ ಯೇಸುವಿನ ಮನೆಯೊಳಗೆ ಹೋದವರ ಕತೆ ಏನಾಯಿತು? ಜಾತಿ ಹಿಂದೆಯೇ ಹೋಯಿತು. 1833ರಲ್ಲೇ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿ ಇರಕೂಡದು ಅಂತ ಪತ್ರ ಬರೆಯಬೇಕಾಯಿತು ಅಂದರೆ ಅದು ಎಷ್ಟು ಬೇರು ಬಿಟ್ಟಿತ್ತು ಅಂತ ತಿಳಿಯಬಹುದು. ದಕ್ಷಿಣದ ಎಷ್ಟೋ ಕಡೆ ಕೂರುವ ಜಾಗ ಬೇರೆ, ಹೂಳುವ ಜಾಗ ಬೇರೆ. ಲಂಡನ್ ಮಿಷನ್ನಿನವರು ಸೇರಿದಂತೆ ಹಲವು ಸಭೆಗಳು ಕೂಡಿ 1908ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಯಾದವು. 1947ರ ಸೆಪ್ಟೆಂಬರ್ 27ರಂದು ಅದೂ ಸೇರಿ ದಕ್ಷಿಣ ಭಾರತ ಸಭೆಯಾಯಿತು. ಪಂಗಡಗಳು ಒಂದಾದವು, ಕೇರಿಗಳು ಆಗಲಿಲ್ಲ. ಬಾಬಾಸಾಹೇಬರು 1938ರ ಹೊಸವರ್ಷದ ದಿನ ಸೊಲ್ಲಾಪುರದಲ್ಲಿ ಕ್ರೈಸ್ತರ ಸಭೆಯಲ್ಲಿ ಮಾತಾಡಿ, ಬುದ್ಧ ಮತ್ತು ಕ್ರಿಸ್ತ ತಮ್ಮನ್ನು ಸೆಳೆದವರೆಂದು ಹೇಳಿಕೊಂಡರು. ದಕ್ಷಿಣದ ಚರ್ಚುಗಳಲ್ಲಿ ಜಾತಿ ಆಚರಿಸುವುದನ್ನು ಅಲ್ಲೇ ಮುಖಕ್ಕೆ ಹೇಳಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಹೋದದ್ದು ಬುದ್ಧನ ಕಡೆಗೆ.

ಚರ್ಚು ಹೀಗೆ. ಸರ್ಕಾರ? 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. ಮದರಾಸಿನ ಸೂಸೈ ಎಂಬ ಚಪ್ಪಲಿ ಹೊಲಿಯುವ ಮನುಷ್ಯ, ತನ್ನ ಜಾತಿಯವರಿಗೆ ಕೊಡುವ ಗೂಡಂಗಡಿ ತಾನು ಕ್ರೈಸ್ತ ಅನ್ನುವ ಕಾರಣಕ್ಕೆ ಸಿಗಲಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ಕೋರ್ಟು, ಮತಾಂತರವಾದ ಮೇಲೂ ಹಿಂದುಳಿದಿರುವಿಕೆ ಅಷ್ಟೇ ಕ್ರೂರವಾಗಿದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ ಅರ್ಜಿ ತಳ್ಳಿಹಾಕಿತು. ಚಪ್ಪಲಿ ಹೊಲಿಯುತ್ತಾ ಬೀದಿಯಲ್ಲಿ ಕೂತದ್ದು ಪುರಾವೆಯಾಗಲಿಲ್ಲ! 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಧರ್ಮದ ಷರತ್ತನ್ನೇ ತೆಗೆಯಿರಿ ಅಂತ ಶಿಫಾರಸು ಮಾಡಿತು. 2022ರಲ್ಲಿ ಕೇಂದ್ರ ಇದನ್ನೇ ಪರಿಶೀಲಿಸಲು ಇನ್ನೊಂದು ಆಯೋಗ ನೇಮಿಸಿತು. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪರಿಶಿಷ್ಟ ಜಾತಿಯವರಿಗೆ ಸಿಗುವ ರಕ್ಷಣೆಯೂ ಆ ಆದೇಶದ ಪಟ್ಟಿಯಲ್ಲಿರುವವರಿಗೇ. ಹೊಡೆಯುವವನು ಮಾತ್ರ ಕೊರಳಲ್ಲಿ ಶಿಲುಬೆ ಇದೆಯೋ ಇಲ್ಲವೋ ನೋಡಿ ಹೊಡೆಯುವುದಿಲ್ಲ.

ಸಿರುಗುಪ್ಪದ ಆ ಮುದುಕಿಗೆ ಕಡೆಗೆ ನಾವು ಹೇಳಿದೆವು, ಇದು ಯೇಸು ಹೇಳಿದ ಕತೆ ಅಂತ. ಅವಳು ನಕ್ಕಳು. ನಮ್ ಮೊಮ್ಮಗಳು ಐತಾರ ಪ್ರಾರ್ಥನೀಗೆ ಹೊಕ್ಕಾಳ, ಅಲ್ಲಿ ಆಕೀಗೆ ಒಂದು ಹೆಸರು, ಸಾಲ್ಯಾಗ ಒಂದು ಹೆಸರು ಅಂದಳು. ಯಾಕಮ್ಮಾ ಎರಡು ಅಂದೆವು. ಸ್ಕಾಲರ್‌ಷಿಪ್ ಬರ್ಬೇಕಲ್ಲೋ ತಮ್ಮಾ ಅಂದು ಕೈ ತೊಳೆದುಕೊಂಡು ಗದ್ದೆಗೆ ಇಳಿದಳು. ಆ ಎರಡನೇ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯುವವರು ಈ ಪತ್ರಿಕೆ ಓದುವ ಮೇಷ್ಟ್ರುಗಳೇ.