ಹಾರುವ ಡಕೋಟಾ: ವಿಪಿ 905

ಮೈಮೇಲೆ ಬರೆದಿರುವ ವಿಪಿ 905 ಈ ಹಳೆಯ ಡಕೋಟಾ ವಿಮಾನದ ಮೂಲ ಸಂಖ್ಯೆಯಲ್ಲ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ವಿಮಾನದ ನೆನಪಿಗೆ ಇಟ್ಟದ್ದು. ಬ್ರಿಟನ್ನಿನಲ್ಲಿ ದುರಸ್ತಿಗೊಂಡ, ‘ಪರಶುರಾಮ’ ಎಂಬ ಹೆಸರಿನ ಈ ಡಕೋಟಾ 2018ರಲ್ಲಿ ಹಾರಿಕೊಂಡೇ ಭಾರತಕ್ಕೆ ಬಂತು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಇದನ್ನು ವಾಯುಪಡೆಗೆ ಕೊಟ್ಟರು. ಅವರ ತಂದೆ ಡಕೋಟಾ ಪೈಲಟ್.

ಇಂಥ ಹಳೆಯ ವಿಮಾನವನ್ನು ಹಾರಿಸಲೆಂದು ಬಿಡಿಭಾಗ ಬದಲಿಸುತ್ತ ಹೋದರೆ ಅಸಲಿಯಾಗಿ ಉಳಿಯುವುದೇನು ಎಂಬ ಆಕ್ಷೇಪವಿದೆ. ಆದರೆ ಸೇವೆಯಲ್ಲಿದ್ದಾಗಲೂ ಡಕೋಟಾದ ಎಂಜಿನ್‌ಗಳನ್ನೂ ಚುಕ್ಕಾಣಿಗೆ ಹೊದಿಸಿದ ಬಟ್ಟೆಯನ್ನೂ ಬದಲಿಸುತ್ತಲೇ ಇದ್ದರು. ಹಾಗೆ ಬದಲಾಗುವುದೂ ಅದರ ಚರಿತ್ರೆಯೇ. ಜೊತೆಗೆ, ನಿಂತ ವಿಮಾನ ಕಲಿಸದ ಕೆಲಸಗಳಿವೆ. ವೃತ್ತಾಕಾರದಲ್ಲಿ 14 ಸಿಲಿಂಡರ್‌ಗಳಿರುವ ಇದರ ಎಂಜಿನ್ ಸುಮ್ಮನಿದ್ದರೆ ಕೆಳಗಿನ ಸಿಲಿಂಡರ್‌ಗಳಿಗೆ ಎಣ್ಣೆ ಇಳಿಯುತ್ತದೆ. ಚಾಲೂ ಮಾಡುವ ಮುನ್ನ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲಾದರೂ ಬಿಗಿ ಹಿಡಿದರೆ, ಒತ್ತಾಯಿಸದೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಹೊರಬಿಡಬೇಕು. ಆ ಬಿಗಿ ಗುರುತಿಸುವುದು ಅಂಗೈಗೆ ಮಾತ್ರ ಗೊತ್ತು. ಅಪಘಾತವಾದರೆ ಎಲ್ಲವೂ ಹೋಯಿತು ಎಂಬ ಭಯ ನಿಜವೇ. ಜಗತ್ತಿನಲ್ಲಿ ಒಂದೇ ಉಳಿದ ಮಾದರಿಯಾದರೆ ಅದನ್ನು ನೆಲದ ಮೇಲೆಯೇ ಇಡುವುದು ಲೇಸು. ಈ ಮಾದರಿಯವನ್ನಾದರೋ 10,000ಕ್ಕೂ ಹೆಚ್ಚು ತಯಾರಿಸಲಾಗಿತ್ತು. ಹಲವು ಇಂದಿಗೂ ಸಂಗ್ರಹಾಲಯಗಳಲ್ಲಿ ಕದಲದೆ ನಿಂತಿವೆ.