ಮಂಗಳೂರಿನ ಯಹೂದಿ ವರ್ತಕ ಮತ್ತು ಅವನ ಲೆಕ್ಕ

ಬ್ಯಾರಿ ಎಂಬ ಹೆಸರು ‘ವ್ಯಾಪಾರಿ’ಯಿಂದ ಬಂತೆಂದು ನಮ್ಮ ಹಿರಿಯರು ಹೇಳುವುದುಂಟು. ಹಾಗಾದರೆ ನಮ್ಮ ಕರಾವಳಿಯಲ್ಲಿ ವ್ಯಾಪಾರ ಹೇಗೆ ನಡೆಯುತ್ತಿತ್ತು, ಮಾತಿಗೆ ಎಷ್ಟು ಬೆಲೆಯಿತ್ತು ಎಂದು ತಿಳಿಯಬೇಕಲ್ಲವೇ? ಇದಕ್ಕೆ ಹಳೆಯ ಸಾಕ್ಷ್ಯ ಸಿಕ್ಕಿರುವುದು ಒಬ್ಬ ಯಹೂದಿಯ ಕಾಗದಗಳಲ್ಲಿ.

ಅವನ ಹೆಸರು ಅಬ್ರಹಾಂ ಬೆನ್ ಯಿಜು. ಊರು ಇಂದಿನ ಟ್ಯುನಿಷಿಯಾದ ಮಹ್ದಿಯಾ. ಏಡನ್ ಮೂಲಕ ಮಂಗಳೂರಿಗೆ ಬಂದ ಅವನು 1149ರವರೆಗೆ ಈ ಕರಾವಳಿಯಲ್ಲಿ ವ್ಯಾಪಾರ ಮಾಡಿದ. ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳುಹಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು. ಏಡನ್ನಿನ ಗೆಳೆಯರು ತಾಮ್ರ ಮತ್ತು ಒಡೆದ ಪಾತ್ರೆಗಳನ್ನು ಕಳುಹಿಸಿ, ಇಂಥದ್ದು ಬೇಕೆಂದು ಬರೆಯುತ್ತಿದ್ದರು.

ದೇವರ ಹೆಸರಿರಬಹುದಾದ ಕಾಗದವನ್ನು ಯಹೂದಿಗಳು ಬಿಸಾಡುವುದಿಲ್ಲ. ಹೀಗೆ ಕೈರೋದ ಫುಸ್ತಾತ್‌ನ ಸಿನಗಾಗ್‌ನಲ್ಲಿ ಅವನ ಪತ್ರಗಳು ಉಳಿದವು. ಅಮಿತಾವ್ ಘೋಷ್ ಅವರ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಈ ಕತೆಯನ್ನು ಜನರಿಗೆ ತಲುಪಿಸಿತು.

ಆ ವರ್ತಕರ ಧರ್ಮ ದುಡಿಮೆಯ ಬಗ್ಗೆ ಏನು ಹೇಳುತ್ತಿತ್ತು? ಕೂಲಿಯವನ ಸಂಬಳವನ್ನು ಮರುದಿನಕ್ಕೆ ಉಳಿಸಿಕೊಳ್ಳಬಾರದು, ತೂಕ ಅಳತೆ ಸರಿಯಿರಬೇಕು ಎಂಬುದು ತೌರಾತ್‌ನ ಆಜ್ಞೆ. ಅದೇ ಶತಮಾನದ ಯಹೂದಿ ವಿದ್ವಾಂಸ ಮೂಸಾ ಬಿನ್ ಮೈಮೂನ್, ಕೆಲಸಗಾರನೂ ಧಣಿಯ ಸಮಯ ಕದಿಯಬಾರದೆಂದು ಬರೆದ. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ಹದೀಸ್ ಮತ್ತು ತೂಕದಲ್ಲಿ ವಂಚಿಸುವವರನ್ನು ಎಚ್ಚರಿಸುವ ಸೂರಃ ಮುತಫ್ಫಿಫೀನ್ ಬಲ್ಲ ನಮಗೆ ಇದು ಹೊಸದಲ್ಲ.

ಗ್ರಂಥದ ಮಾತು ವ್ಯವಹಾರದಲ್ಲಿ ಹೇಗಿತ್ತು? ಒಮ್ಮೆ ಬೆನ್ ಯಿಜುವಿನ ಮಾಲಿದ್ದ ಹಡಗು ಏಡನ್ ಹತ್ತಿರ ಮುಳುಗಿತು. ಮೆಣಸೆಲ್ಲ ಹೋಯಿತು, ಮುಳುಗುಗಾರರನ್ನು ಕರೆಸಿ ಕಬ್ಬಿಣದಲ್ಲಿ ಸುಮಾರು ಅರ್ಧ ಮೇಲೆತ್ತಿಸಿದೆ ಎಂದು ಅಲ್ಲಿನ ಖಲಫ್ ಬಿನ್ ಇಸ್ಹಾಕ್ ಪತ್ರ ಬರೆದ. ಎಲ್ಲವೂ ಮುಳುಗಿತೆಂದು ಬರೆದಿದ್ದರೆ ಮಂಗಳೂರಿನಲ್ಲಿ ಕೂತವನಿಗೆ ಗೊತ್ತಾಗುತ್ತಿತ್ತೇ? ಇನ್ನೊಮ್ಮೆ ಇಲ್ಲಿಯ ಒಬ್ಬ ಏಲಕ್ಕಿಗೆ ಮುಂಗಡ ಪಡೆದು ಮಾಲು ಕೊಡಲಿಲ್ಲ. ಅಂಥವರಿಗೆ ನಾವು ಬಹಿಷ್ಕಾರ ಹಾಕುತ್ತೇವೆಂದು ಹೆದರಿಸಿ ನೋಡು ಎಂದು ಏಡನ್ನಿನ ಪಾಲುದಾರ ಸೂಚಿಸಿದ. ಎರಡು ದಡಗಳಿಗೂ ಒಂದೇ ಕೋರ್ಟು ಇಲ್ಲದ ಕಡಲಿನಲ್ಲಿ ಹೆಸರು ಕೆಡುವುದೇ ದೊಡ್ಡ ಶಿಕ್ಷೆ.

ಆದರೆ ಈ ಅಮಾನತ್ ಕೆಳಗಿನವರನ್ನು ಎಷ್ಟು ಮುಟ್ಟಿತು? ಬೆನ್ ಯಿಜುವಿನ ಮಾಲು ಮತ್ತು ಹಣವನ್ನು ಏಡನ್‌ಗೆ ಒಯ್ಯುತ್ತಿದ್ದವನು ಒಬ್ಬ ಗುಲಾಮ. ಅವನ ಹೆಸರು ‘ಬೊಮ್ಮ’, ತುಳುನಾಡಿನವನು ಎಂಬುದು ಘೋಷ್ ಅವರ ಓದು. ಖಲಫ್ ತನ್ನ ಪತ್ರದಲ್ಲಿ ಅವನಿಗೆ ಪ್ರತ್ಯೇಕವಾಗಿ ಸಲಾಂ ಹೇಳುತ್ತಾನೆ. ಅಷ್ಟು ನಂಬಿಕೆಯ ಮನುಷ್ಯನೂ ಇನ್ನೊಬ್ಬರ ಸೊತ್ತಾಗಿದ್ದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆಯಿಸಿದ ಪತ್ರದಲ್ಲಿ ಬೆನ್ ಯಿಜು ಅಶು ಎಂಬ ಸ್ತ್ರೀಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ. ಮುಂದೆ ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಹೇಳುತ್ತಾರೆ. ಆ ಕಾಲದಲ್ಲಿ ಮುಸ್ಲಿಂ ವರ್ತಕರಲ್ಲೂ ಗುಲಾಮರಿದ್ದರು. ಆದ್ದರಿಂದ ಈ ಮಾತನ್ನು ಇನ್ನೊಬ್ಬರ ಮೇಲೆ ಹೊರಿಸಿ ನಾವು ಸುಮ್ಮನಿರುವಂತಿಲ್ಲ.

ಇಂದು ನಮ್ಮವರ ಅಂಗಡಿಗಳಿವೆ, ಗಲ್ಫ್‌ನಲ್ಲಿ ಕಂಪನಿಗಳಿವೆ. ಅಲ್ಲಿ ಸಂಬಳಕ್ಕೆ ಕಾದು ಕೂತ ನಮ್ಮ ಮಕ್ಕಳೂ ಇದ್ದಾರೆ. ಅಣ್ಣ ತಮ್ಮಂದಿರ ಪಾಲುದಾರಿಕೆ ಬರಹವಿಲ್ಲದೆ ಜಗಳದಲ್ಲಿ ಮುಗಿಯುವುದನ್ನೂ ನೋಡುತ್ತೇವೆ. ಪಾಲುದಾರನಿಗೆ ಲಾಭದ ಜೊತೆ ನಷ್ಟವನ್ನೂ ಬರೆದು ತೋರಿಸೋಣ. ಅಂಗಡಿಯ ಹುಡುಗನ ಸಂಬಳದ ದಿನವನ್ನೂ ಅದೇ ಪುಸ್ತಕದಲ್ಲಿ ಬರೆದು, ಆ ದಿನವೇ ಕೊಡೋಣ.